ಎಂಟು ಸಾಲು ರಾಗಿ, ಒಂದು ಸಾಲು ಅಕ್ಕಡಿ: ಮಳೆ ನಂಬಿದ ಒಂದು ಎಕರೆಯಲ್ಲಿ ವರ್ಷದ ಕಾಳು

ಐದು ಜನರ ಮನೆಗೆ ವರ್ಷಕ್ಕೆ ಎಷ್ಟು ರಾಗಿ ಬೇಕು ಎಂಬ ಲೆಕ್ಕದಿಂದ ಶುರು ಮಾಡೋಣ. ಎರಡು ಹೊತ್ತು ಮುದ್ದೆ ಉಣ್ಣುವ ಮನೆಯಲ್ಲಿ ತಲೆಗೆ ದಿನಕ್ಕೆ 300 ಗ್ರಾಂ ಹಿಡಿದರೆ ವರ್ಷಕ್ಕೆ ಐದೂವರೆ ಕ್ವಿಂಟಲ್ ಆಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ರಾಮನಗರದ ಕೆಂಪು ಮಣ್ಣಿನ ಖುಷ್ಕಿಯಲ್ಲಿ ಸಾಧಾರಣ ವರ್ಷ ಎಕರೆಗೆ ಆರರಿಂದ ಎಂಟು ಕ್ವಿಂಟಲ್ ಬರುತ್ತದೆ. ಅಂದರೆ ಒಂದು ಎಕರೆ ರಾಗಿ ಮನೆಯ ಹೊಟ್ಟೆಗೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಆದರೆ ಸಾರಿಗೆ ಬೇಳೆ, ಒಗ್ಗರಣೆಗೆ ಎಣ್ಣೆಕಾಳು ಬರುವುದಿಲ್ಲ. ತೆನೆ ಬಿಚ್ಚುವ ಹೊತ್ತಿಗೆ ಮಳೆ ಕೈಕೊಟ್ಟರೆ ರಾಗಿಯೂ ಅರ್ಧಕ್ಕೆ ಇಳಿಯುತ್ತದೆ.

ಈ ಎರಡೂ ತೊಂದರೆಗೆ ಹಳೇ ಮೈಸೂರು ಸೀಮೆಯ ರೈತರು ಕಂಡುಕೊಂಡ ಉತ್ತರ ಅಕ್ಕಡಿ ಸಾಲು, ಅಂದರೆ ರಾಗಿಯ ಕೆಲವು ಸಾಲಿಗೊಂದರಂತೆ ನಡುವೆ ಅವರೆ, ತೊಗರಿಯಂಥ ಬೇರೆ ಬೆಳೆ ಹಾಕುವ ಸಾಲು. ರಾಗಿಯ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ, ಕಾರ್ತೀಕದ ಹೊತ್ತಿಗೆ ಬೆಳೆ ಮುಗಿಯುತ್ತದೆ. ಅವರೆ, ತೊಗರಿಯ ಬೇರು ಆಳಕ್ಕೆ ಇಳಿಯುತ್ತದೆ. ಅವು ಹೂವಾಗಿ ಕಾಯಿ ಕಟ್ಟುವುದು ರಾಗಿ ಕೊಯ್ಲಿನ ಆಸುಪಾಸಿನಲ್ಲಿ ಮತ್ತು ಅದರ ನಂತರ. ಒಂದೇ ಹೊಲದಲ್ಲಿದ್ದರೂ ಎರಡರ ಹಸಿವಿನ ಕಾಲ ಬೇರೆ. ಜುಲೈ ಕೊನೆ, ಆಗಸ್ಟಿನ ಪುಷ್ಯ, ಆಶ್ಲೇಷ ಮಳೆ ತಪ್ಪಿದರೆ ರಾಗಿ ಸೊರಗುತ್ತದೆ, ಆದರೆ ಅಕ್ಟೋಬರಿನ ಚಿತ್ತೆ, ಸ್ವಾತಿ ಹನಿದರೂ ಅವರೆ ಎದ್ದು ನಿಲ್ಲುತ್ತದೆ. ಅಕ್ಕಡಿಯ ಬಲ ಇರುವುದು ಇಲ್ಲೇ. ಹಾಗಾಗಿ ತಳಿ ಆರಿಸುವಾಗಲೂ ಸಾಲು ಹಾಕುವಾಗಲೂ ಈ ಕಾಲದ ಅಂತರ ಕೆಡದಂತೆ ನೋಡಿಕೊಳ್ಳಬೇಕು.

ತಳಿ ಮತ್ತು ಕಾಲ

ರಾಗಿ ತಳಿಯನ್ನು ಮಳೆ ಬಂದ ದಿನ ನೋಡಿ ಆರಿಸಿ, ಹೆಸರು ನೋಡಿ ಅಲ್ಲ. ಜೂನ್ ಕೊನೆಯಿಂದ ಜುಲೈ ಮಧ್ಯದೊಳಗೆ ಬಿತ್ತುವ ಹದ ಸಿಕ್ಕರೆ 120 ದಿನದ ಎಂಆರ್-1, ಎಂಆರ್-6 ಹಾಕಬಹುದು. ಜುಲೈಯಿಂದ ಆಗಸ್ಟ್ ಮೊದಲ ಪಕ್ಷದವರೆಗೆ 110 ದಿನದ ಆಸುಪಾಸಿನ ಜಿಪಿಯು-28 ಅಥವಾ ಎಂಎಲ್-365. ಇವೆರಡೂ ಬೆಂಕಿ ರೋಗವನ್ನು ಚೆನ್ನಾಗಿ ತಡೆಯುತ್ತವೆ, ಮಳೆಯಾಶ್ರಿತಕ್ಕೆ ಕಣ್ಣುಮುಚ್ಚಿ ನಂಬಬಹುದಾದವು. ಆಗಸ್ಟ್ ಮಧ್ಯ ದಾಟಿದರೆ ನೂರು ದಿನದೊಳಗೆ ಬರುವ ಜಿಪಿಯು-48 ಅಥವಾ ಇಂಡಾಫ್-9. ಇಂಡಾಫ್ ತಳಿಗಳು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ತೆಗೆದವು. ರಾಗಿಯ ತವರು ಪೂರ್ವ ಆಫ್ರಿಕ. ಉಗಾಂಡ, ಇಥಿಯೋಪಿಯದ ಹೊಲಗಳಲ್ಲಿ ಇವತ್ತಿಗೂ ಅದು ಬಡವರ ಊಟ.

ಆಗಸ್ಟ್ ಕೊನೆಯವರೆಗೂ ಮಳೆಯೇ ಬಾರದಿದ್ದರೆ ರಾಗಿಯ ಆಸೆ ಬಿಟ್ಟು ಹುರುಳಿ ಚೆಲ್ಲುವುದೇ ಜಾಣತನ. ಸೆಪ್ಟೆಂಬರಿನಲ್ಲಿ ಬಿತ್ತಿದ ರಾಗಿ ತೆನೆ ಕಟ್ಟುವ ಹೊತ್ತಿಗೆ ಚಳಿಯೂ ಒಣಹವೆಯೂ ಹಿಡಿದು ಜೊಳ್ಳಾಗುತ್ತದೆ.

ಅಕ್ಕಡಿಯ ತಳಿಯಲ್ಲಿ ಆಗುವ ತಪ್ಪು ಇದಕ್ಕಿಂತ ದೊಡ್ಡದು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎಚ್‌ಎ-3, ಎಚ್‌ಎ-4 ಅವರೆ ವರ್ಷದ ಯಾವ ಕಾಲಕ್ಕೆ ಹಾಕಿದರೂ ಸುಮಾರು ಮೂರು ತಿಂಗಳಿಗೆ ಕಾಯಿ ಬಿಡುವಂಥವು. ಒಂಟಿ ಬೆಳೆಗೆ ಒಳ್ಳೆಯವು, ಅಕ್ಕಡಿಗೆ ಆಗದವು. ಜುಲೈಯಲ್ಲಿ ಹಾಕಿದರೆ ಮಳೆಗಾಲದಲ್ಲೇ ಹೂವಾಗಿ ಉದುರುತ್ತವೆ, ರಾಗಿಗೆ ನೀರು ಬೇಕಾದಾಗಲೇ ತಾವೂ ನೀರು ಕೇಳುತ್ತವೆ. ಅಕ್ಕಡಿಗೆ ಬೇಕಾದದ್ದು ಹಗಲು ಕಿರಿದಾದ ಮೇಲಷ್ಟೇ ಹೂ ಬಿಡುವ ನಾಟಿ ಅವರೆ, ಡಿಸೆಂಬರ್-ಜನವರಿಯಲ್ಲಿ ಸೊಗಡು ಸೂಸುವ ಬಳ್ಳಿ ಅವರೆ. ಊರಿನ ಹಿರಿಯರ ಮನೆಯಲ್ಲಿ ಕೇಳಿ ಬೀಜ ತನ್ನಿ. ತೊಗರಿಯಲ್ಲಿ ಬಿಆರ್‌ಜಿ-1, ಬಿಆರ್‌ಜಿ-2 ತಡವಾಗಿ ಬರುವ ತಳಿಗಳಾದ್ದರಿಂದ ಹೊಂದುತ್ತವೆ. ಬಿಆರ್‌ಜಿ-1ರ ಹಸಿಕಾಯಿಯನ್ನು ಸೊಪ್ಪುಸಾರಿಗೂ ಬಿಡಿಸಬಹುದು.

ಎಕರೆಗೆ ಬೇಕಾಗುವ ಬೀಜ

ಕೂರಿಗೆಯಲ್ಲಿ ಬಿತ್ತಲು ರಾಗಿ 4 ಕಿಲೊ, ಪೈರು ನಾಟಿಗೆ 2 ಕಿಲೊ. ಎಂಟು ಸಾಲಿಗೊಂದು ಅಕ್ಕಡಿ ಹಾಕಿದರೆ ಅಕ್ಕಡಿ ಸಾಲಿನ ಒಟ್ಟು ಉದ್ದ ಸುಮಾರು 1,500 ಮೀಟರ್. ಅಡಿಗೆ ಎರಡು ಕಾಳಿನಂತೆ ಪೂರ್ತಿ ಅವರೆಯೇ ಆದರೆ 2ರಿಂದ 2.5 ಕಿಲೊ, ಪೂರ್ತಿ ತೊಗರಿಯಾದರೆ 1 ಕಿಲೊ ಸಾಕು. ಎರಡನ್ನೂ ಒಂದು ಸಾಲು ಬಿಟ್ಟು ಒಂದು ಸಾಲು ಹಾಕುವುದು ಒಳ್ಳೆಯದು. ಆಗ ಅವರೆ 1.25 ಕಿಲೊ, ತೊಗರಿ ಅರ್ಧ ಕಿಲೊ. ಹುಚ್ಚೆಳ್ಳು ನೂರು ಗ್ರಾಂ, ಹೊಲದ ಅಂಚಿಗೆ. ಅದರ ಹಳದಿ ಹೂವಿಗೆ ಬರುವ ಜೇನು ತೊಗರಿ ಹೂವಿಗೂ ಹೋಗುತ್ತದೆ. ಅಲಸಂದೆ, ಜೋಳ, ಸಾಸಿವೆ, ಹರಳು ನಿಮ್ಮ ಇಷ್ಟ. ಆದರೆ ಹರಳನ್ನು ಬದುವಿನ ಅಂಚಿಗೆ ಹಾಕಿ, ಒಳಸಾಲಿಗೆ ತಂದರೆ ಅದರ ನೆರಳಿಗೆ ರಾಗಿ ಬಿಳಿಚುತ್ತದೆ.

ಬಿತ್ತುವ ಮುಂಚೆ ರಾಗಿ ಬೀಜ ಹದ ಮಾಡಿಕೊಳ್ಳಿ. ಕಿಲೊ ಬೀಜಕ್ಕೆ ಒಂದು ಲೀಟರ್ ನೀರಿನಲ್ಲಿ 6 ತಾಸು ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಎರಡು ದಿನ ಇಡಿ. ಮೊಳಕೆ ಇಣುಕುವ ಸೂಚನೆ ಕಂಡ ಕೂಡಲೇ ತೆಗೆದು ನೆರಳಿನಲ್ಲಿ ಒಣಬಟ್ಟೆಯ ಮೇಲೆ ಎರಡು ದಿನ ಆರಿಸಿ. ಹೀಗೆ ಮಾಡಿದ ಬೀಜ ಮಣ್ಣಿಗೆ ಬಿದ್ದ ಮೇಲೆ ಬೇಗ ಮೊಳೆಯುತ್ತದೆ, ಎಳೆ ಪೈರು ಹತ್ತು ದಿನದ ಒಣಹವೆಯನ್ನು ಹದ ಮಾಡದ ಬೀಜದ ಪೈರಿಗಿಂತ ಚೆನ್ನಾಗಿ ತಡೆಯುತ್ತದೆ. ಕೆಡುವುದು ಒಂದೇ ಕಡೆ: ಮೊಳಕೆ ಬಿಳಿ ದಾರದಂತೆ ಉದ್ದವಾಗುವವರೆಗೆ ಬಿಟ್ಟರೆ ಆರಿಸುವಾಗ ಸಾಯುತ್ತದೆ. ಎರಡನೇ ದಿನ ಬೆಳಗ್ಗೆ, ಸಂಜೆ ಗಂಟು ಬಿಚ್ಚಿ ನೋಡುತ್ತಿರಿ. ಅವರೆ, ತೊಗರಿಗೆ ಬೇರಿನಲ್ಲಿ ಸಾರಜನಕ ಹಿಡಿಯುವ ಜೀವಾಣುವಿನ (ರೈಜೋಬಿಯಂ) ಪುಡಿಯನ್ನು ಬೆಲ್ಲದ ತಣ್ಣನೆ ಪಾಕದಲ್ಲಿ ಕಲಸಿ ಲೇಪಿಸಿ, ನೆರಳಿನಲ್ಲಿ ಆರಿಸಿ, ಅವತ್ತೇ ಬಿತ್ತಿ.

ನೆಲ ಮತ್ತು ಗೊಬ್ಬರ

ಹಿಂದಿನ ಬೆಳೆ ಎತ್ತಿದ ಮೇಲೆ ಮಾಗಿ ಉಳುಮೆ, ಮುಂಗಾರು ಹನಿದಾಗ ಇಳಿಜಾರಿಗೆ ಅಡ್ಡವಾಗಿ ಇನ್ನೊಂದು ಉಳುಮೆ. ಎಕರೆಗೆ 3 ಟನ್ ಕೊಟ್ಟಿಗೆ ಗೊಬ್ಬರ, ಅಂದರೆ ಸುಮಾರು ಆರು ಗಾಡಿ, ಬಿತ್ತುವುದಕ್ಕೆ ಎರಡು ಮೂರು ವಾರ ಮುಂಚೆ ಹೊಲಕ್ಕೆ ಬರಬೇಕು. ಗುಡ್ಡೆ ಗುಡ್ಡೆಯಾಗಿ ಸುರಿದು ಬಿಸಿಲಿಗೆ ತಿಂಗಳಾನುಗಟ್ಟಲೆ ಬಿಡುವುದು ಎಲ್ಲ ಕಡೆ ಕಾಣುವ ರೂಢಿ. ಹಾಗೆ ಬಿಟ್ಟ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ, ಗುಡ್ಡೆ ಇದ್ದ ಜಾಗದಲ್ಲಿ ಮಾತ್ರ ಪೈರು ಕಪ್ಪಾಗಿ ಎದ್ದು ಉಳಿದದ್ದು ಹಳದಿಯಾಗುತ್ತದೆ. ಸುರಿದ ದಿನವೇ ಹರಡಿ, ಮಣ್ಣಿಗೆ ಸೇರಿಸಿ. ಮರಳು ಹೆಚ್ಚಿರುವ ಕೆಂಪು ನೆಲವಾದರೆ ಬೇಸಿಗೆಯಲ್ಲಿ ಕೆರೆಗೋಡು (ಕೆರೆಯ ಹೂಳು) ಹೊಡೆಸಿ. ನೀರು ಹಿಡಿಯುವ ಗುಣ ಅದರಿಂದ ಬರುವಷ್ಟು ಬೇರೆ ಯಾವುದರಿಂದಲೂ ಬರುವುದಿಲ್ಲ.

ರಾಸಾಯನಿಕ ಗೊಬ್ಬರ ಹಾಕುವವರಿಗೆ ಮಳೆಯಾಶ್ರಿತ ರಾಗಿಯ ಶಿಫಾರಸು ಎಕರೆಗೆ 20 ಕಿಲೊ ಸಾರಜನಕ, 16 ಕಿಲೊ ರಂಜಕ, 10 ಕಿಲೊ ಪೊಟ್ಯಾಶ್. ಚೀಲದ ಲೆಕ್ಕದಲ್ಲಿ ಇದು ಡಿಎಪಿ 35 ಕಿಲೊ, ಯೂರಿಯಾ 30 ಕಿಲೊ, ಮ್ಯೂರೇಟ್ ಆಫ್ ಪೊಟ್ಯಾಶ್ 17 ಕಿಲೊ. ಡಿಎಪಿ, ಪೊಟ್ಯಾಶ್ ಪೂರ್ತಿಯನ್ನೂ ಯೂರಿಯಾದಲ್ಲಿ 8 ಕಿಲೊವನ್ನೂ ಬಿತ್ತುವಾಗ ಕೊಡಿ. ಉಳಿದ 22 ಕಿಲೊ ಯೂರಿಯಾವನ್ನು 25-30 ದಿನಕ್ಕೆ, ನೆಲದಲ್ಲಿ ಹಸಿ ಇದ್ದಾಗ, ರಾಗಿ ಸಾಲಿಗೆ ಮಾತ್ರ ಹಾಕಿ. ಅಕ್ಕಡಿ ಸಾಲಿಗೆ ಯೂರಿಯಾ ಬಿದ್ದರೆ ಅವರೆ ಬಳ್ಳಿ ಹಬ್ಬಿ ರಾಗಿಯನ್ನು ಮುಚ್ಚುತ್ತದೆ, ಕಾಯಿ ಕಡಿಮೆಯಾಗುತ್ತದೆ. ಒಣನೆಲಕ್ಕೆ ಯೂರಿಯಾ ಚೆಲ್ಲುವುದು ದುಡ್ಡು ಚೆಲ್ಲಿದ ಹಾಗೆ.

ಬಿತ್ತನೆ

ಸಾಲಿನಿಂದ ಸಾಲಿಗೆ ಒಂದು ಅಡಿ. ರಾಗಿ ಒಂದು ಅಂಗುಲಕ್ಕಿಂತ ಆಳಕ್ಕೆ ಬೀಳಬಾರದು. ಕಾಳು ಸಣ್ಣದು, ಅದರೊಳಗಿನ ಬಲ ಅಷ್ಟೇ. ಅವರೆ, ತೊಗರಿ ಎರಡು ಅಂಗುಲ ಆಳಕ್ಕೆ. ಒಂದೇ ಬಟ್ಟಲಲ್ಲಿ ಎರಡನ್ನೂ ಕಲಸಿ ಬಿಡಬಾರದು ಎನ್ನುವುದಕ್ಕೆ ಇದೇ ಕಾರಣ. ಕೂರಿಗೆಯ ಹಿಂದೆ ಬಿದಿರಿನ ಕೊಳವೆ ಕಟ್ಟಿ ಒಬ್ಬರು ಬೇರೆಯಾಗಿ ಅಕ್ಕಡಿ ಕಾಳು ಬಿಡುತ್ತ ಹೋಗುವ ಪದ್ಧತಿ ಹುಟ್ಟಿದ್ದೂ ಇದಕ್ಕೇ. ಟ್ರ್ಯಾಕ್ಟರ್ ಕೂರಿಗೆಯಾದರೆ ಕೊನೆಯ ತಾಳಿನ ರಾಗಿ ಕೊಳವೆ ಮುಚ್ಚಿ, ಆ ಸಾಲಿಗೆ ಕೈಯಲ್ಲಿ ಕಾಳು ಹಾಕಿಸಿ. ರಾಗಿಯನ್ನು ಸಮಪಾಲು ಒಣ ಮರಳು ಅಥವಾ ಜರಡಿ ಹಿಡಿದ ಗೊಬ್ಬರದೊಂದಿಗೆ ಬೆರೆಸಿದರೆ ಕೈಯಿಂದ ಒಂದೇ ಸಮ ಬೀಳುತ್ತದೆ.

ತೊಗರಿಯನ್ನು ಎಂಟು ಸಾಲಿಗೆ ಎರಡರಂತೆ ಜೋಡಿ ಸಾಲಾಗಿ ಹಾಕುವುದಾದರೆ ಆ ಎರಡು ಸಾಲಿನ ನಡುವೆ ತಿಂಗಳಿಗೆ ನೇಗಿಲಿನಿಂದ ಆಳವಾದ ಒಂದು ಸಾಲು ಹೊಡೆಯಿರಿ. ಹರಿದು ಹೋಗುವ ನೀರು ಅಲ್ಲಿ ನಿಂತು ಇಂಗುತ್ತದೆ. ರಾಗಿ ಕೊಯ್ದ ಮೇಲೆ ತೊಗರಿ ಬದುಕುವುದು ಬಹುಪಾಲು ಈ ನೀರಿನಿಂದ.

ಬಿತ್ತಿದ ಎರಡು ಮೂರು ದಿನಕ್ಕೆ ಬಿರುಮಳೆ ಬಂದು ಮೇಲೆ ಬಿಸಿಲು ಕಾಯ್ದರೆ ಕೆಂಪು ಮಣ್ಣು ಹಪ್ಪಳದಂತೆ ಗಟ್ಟಿಯಾಗುತ್ತದೆ, ಮೊಳಕೆ ಅದರಡಿ ಸುರುಳಿ ಸುತ್ತಿ ಸಾಯುತ್ತದೆ. ಕಾಯದೆ ಅವತ್ತೇ ಮುಳ್ಳಿನ ಕೊಂಬೆಯನ್ನೋ ಹಗುರ ಹಲುಬೆಯನ್ನೋ (ಹಲ್ಲಿನ ಕುಂಟೆ) ಎಳೆದು ಆ ಪದರ ಒಡೆಯಿರಿ.

ಪೈರು ತೆಳು ಮಾಡುವುದು

ಬಹಳ ಹೊಲಗಳು ಸೋಲುವುದು ಈ ಹಂತದಲ್ಲಿ. ಒಂದು ಗ್ರಾಂ ತೂಕಕ್ಕೆ ಸುಮಾರು 350 ರಾಗಿ ಕಾಳು ಬರುತ್ತವೆ, ನಾಲ್ಕು ಕಿಲೊಗೆ ಹದಿನಾಲ್ಕು ಲಕ್ಷ. ಸಾಲಿನಲ್ಲಿ ನಾಲ್ಕು ಅಂಗುಲಕ್ಕೊಂದು ಪೈರು ಎಂದರೆ ಎಕರೆಗೆ ಬೇಕಾದದ್ದು ಒಂದು ಲಕ್ಷ ಇಪ್ಪತ್ತು ಸಾವಿರ. ಮಣ್ಣು, ಇರುವೆ, ಬಿಸಿಲು ಅರ್ಧವನ್ನು ತಿಂದರೂ ಉಳಿದದ್ದು ಬೇಕಾದದ್ದರ ಐದಾರು ಪಟ್ಟು. ಕಿತ್ತು ಬಿಸಾಡಲು ಮನಸ್ಸು ಬರುವುದಿಲ್ಲ, ಹಸಿರು ತುಂಬಿದ ಹೊಲ ಕಣ್ಣಿಗೆ ಚೆಂದ. ಆದರೆ ದಟ್ಟ ಹೊಲದಲ್ಲಿ ಪ್ರತಿ ಪೈರೂ ಒಂದೇ ಕಡ್ಡಿ, ಹೆಬ್ಬೆರಳಿನಷ್ಟು ತೆನೆ. ಹದಿನೈದು ದಿನ ಮಳೆ ನಿಂತರೆ ಎಲ್ಲವೂ ಒಟ್ಟಿಗೆ ಬಾಡುತ್ತವೆ.

15ರಿಂದ 20ನೇ ದಿನದೊಳಗೆ, ಮಣ್ಣು ಮೆತ್ತಗಿರುವಾಗ, ಸಾಲಿಗೆ ಅಡ್ಡವಾಗಿ ಹಲುಬೆ ಹೊಡೆಯಿರಿ. ಅಕ್ಕಡಿ ಸಾಲು ಬಂದಾಗ ಹಲುಬೆಯನ್ನು ಎತ್ತಿ ದಾಟಿಸಬೇಕು. ಆಮೇಲೆ ಕೈಯಲ್ಲಿ ನಾಲ್ಕು ಅಂಗುಲಕ್ಕೊಂದು ಉಳಿಸಿ. ಕಿತ್ತ ಪೈರಿನಲ್ಲಿ ಗಟ್ಟಿಯಾದವನ್ನು ಜಡಿಮಳೆಯ ದಿನ ಖಾಲಿ ಬಿದ್ದ ಕಡೆ ನೆಡಿ, ಒಣಹವೆಯಲ್ಲಿ ನೆಟ್ಟರೆ ನಿಲ್ಲುವುದಿಲ್ಲ. ಉಳಿದದ್ದು ದನಕ್ಕೆ.

ನೀರಿನ ಅನುಕೂಲ ಸ್ವಲ್ಪವಾದರೂ ಇರುವವರಿಗೆ, ಅಥವಾ ಮಳೆ ತಡವಾದ ವರ್ಷಕ್ಕೆ, ಹಾವೇರಿ ಕಡೆಯ ಗುಳಿ ರಾಗಿ ಪದ್ಧತಿಯಿದೆ. ಹೊಲಕ್ಕೆ ಉದ್ದ ಅಡ್ಡ ಒಂದೂವರೆ ಅಡಿಗೊಂದು ಗೆರೆ ಎಳೆದು, ಗೆರೆ ಕೂಡುವಲ್ಲಿ ಗುಳಿ ಮಾಡಿ, ಹಿಡಿ ಗೊಬ್ಬರ ಹಾಕಿ, 20-25 ದಿನದ ಎರಡೆರಡು ಪೈರು ನೆಡುತ್ತಾರೆ. ಎಕರೆಗೆ ಸುಮಾರು 19 ಸಾವಿರ ಗುಳಿ. ನಾಟಿಯಾಗಿ ಎರಡು ವಾರದ ಮೇಲೆ ಕೊರಡನ್ನು ಪೈರಿನ ಮೇಲೆ ಎಳೆಯುತ್ತಾರೆ. ಬಗ್ಗಿದ ಪೈರು ಬುಡದಿಂದ ಹೊಸ ಕಡ್ಡಿ ಒಡೆಯುತ್ತದೆ. ಸಾಲಿನ ನಡುವೆ ಕಳೆ ಕೀಳುವ ಎಡೆಕುಂಟೆ ಎರಡೂ ದಿಕ್ಕಿಗೆ ಆಡುವುದರಿಂದ ಕೈಕಳೆಯ ಶ್ರಮ ಉಳಿಯುತ್ತದೆ. ಹೊಡೆ ತುಂಬಿದ ಮೇಲೆ ಕೊರಡು ಎಳೆದರೆ ಮಾತ್ರ ತೆನೆಯೇ ಮುರಿಯುತ್ತದೆ.

ಕಳೆ, ಹುಳು, ರೋಗ

ಎಡೆಕುಂಟೆ ಎರಡು ಸಲ, 20-25ನೇ ದಿನಕ್ಕೊಮ್ಮೆ, 35-40ಕ್ಕೊಮ್ಮೆ. ನಡುವೆ ಒಂದು ಕೈಕಳೆ. ಕಾಡುರಾಗಿಯನ್ನು ಎಳೆತನದಲ್ಲೇ ಗುರುತಿಸಬೇಕು. ನೋಡಲು ರಾಗಿಯ ಹಾಗೇ ಇರುತ್ತದೆ, ಆದರೆ ಬುಡ ಬೆಳ್ಳಗೆ ಚಪ್ಪಟೆ, ಕಡ್ಡಿಗಳು ನೆಟ್ಟಗೆ ಏಳದೆ ನೆಲಕ್ಕೆ ಹರಡಿರುತ್ತವೆ. ತೆನೆ ಬರುವವರೆಗೆ ಬಿಟ್ಟರೆ ಬೀಜ ಉದುರಿ ಮುಂದಿನ ವರ್ಷ ಹೊಲ ಅದರದ್ದೇ.

ಅಕ್ಕಡಿ ಇರುವ ಹೊಲಕ್ಕೆ 2,4-ಡಿ ಕಳೆನಾಶಕ ಹೊಡೆಯಬೇಡಿ. ಅದು ಅಗಲ ಎಲೆಯ ಗಿಡವನ್ನೇ ಸಾಯಿಸುವ ಔಷಧ. ಅವರೆಯೂ ತೊಗರಿಯೂ ಅದರ ಲೆಕ್ಕಕ್ಕೆ ಕಳೆಯೇ. ಪಕ್ಕದ ಹೊಲದವರು ಗಾಳಿಯಲ್ಲಿ ಹೊಡೆದರೂ ತೊಗರಿಯ ಕುಡಿ ಮುರುಟುತ್ತದೆ. ಬಿತ್ತುವ ಮುಂಚೆಯೇ ಅವರೊಂದಿಗೆ ಮಾತಾಡಿಕೊಳ್ಳಿ.

ರಾಗಿಗೆ ದೊಡ್ಡ ಶತ್ರು ಬೆಂಕಿ ರೋಗ. ಎಲೆಯ ಮೇಲೆ ಕದಿರಿನಾಕಾರದ, ನಡುವೆ ಬೂದುಬಣ್ಣದ ಚುಕ್ಕೆ ಕಂಡರೆ ಅಷ್ಟು ಭಯವಿಲ್ಲ. ತೆನೆಯ ಕುತ್ತಿಗೆ ಕಪ್ಪಾಗಿ ತೆನೆ ಜೋತುಬಿದ್ದರೆ ಕಾಳು ಜೊಳ್ಳು, ಆಮೇಲೆ ಯಾವ ಔಷಧವೂ ಉಪಯೋಗಕ್ಕಿಲ್ಲ. ಇದಕ್ಕೆ ಮದ್ದು ನಿರೋಧಕ ತಳಿ, ಹದವಾದ ಯೂರಿಯಾ, ಗಾಳಿಯಾಡುವ ಸಾಲು. ಪೈರು ಅಲ್ಲಲ್ಲಿ ಗುಂಪಾಗಿ ಹಳದಿಯಾಗಿ, ಬುಡದಲ್ಲಿ ಕಪ್ಪಿರುವೆ ಓಡಾಡುತ್ತಿದ್ದರೆ ಕಿತ್ತು ಬೇರು ನೋಡಿ, ಬೇರುಹೇನು ಇರಬಹುದು.

ಅವರೆ, ತೊಗರಿಗೆ ಕಾಯಿಕೊರಕ ಬಂದೇ ಬರುತ್ತದೆ. ಹೂ ಬಿಡಲು ಶುರುವಾದಾಗ ಬೇವಿನ ಬೀಜದ ಕಷಾಯ ಸಿಂಪಡಿಸಿ: ಲೀಟರಿಗೆ 50 ಗ್ರಾಂ ಪುಡಿ, ರಾತ್ರಿ ನೆನೆಸಿ, ಬೆಳಗ್ಗೆ ಸೋಸಿ, ಚಿಟಿಕೆ ಸೋಪಿನ ಪುಡಿ ಬೆರೆಸಿ. ಎಕರೆಯ ಅಕ್ಕಡಿ ಸಾಲುಗಳಿಗೆ 60 ಲೀಟರ್, ಅಂದರೆ 3 ಕಿಲೊ ಪುಡಿ ಸಾಕು. ಸಂಜೆ ಹೊಡೆಯಿರಿ, ಬಿಸಿಲಿಗೆ ಅದರ ಕಹಿ ಕಳೆಯುತ್ತದೆ. ಎರಡು ವಾರ ಬಿಟ್ಟು ಇನ್ನೊಮ್ಮೆ.

ಕೊಯ್ಲು, ಮತ್ತು ಯಂತ್ರದ ಪ್ರಶ್ನೆ

ಅಕ್ಕಡಿ ಕಾಣೆಯಾಗುತ್ತಿರುವುದಕ್ಕೆ ಕಳೆನಾಶಕದಷ್ಟೇ ಕೊಯ್ಲಿನ ಯಂತ್ರವೂ ಕಾರಣ. ಕೂಲಿಯಾಳು ಸಿಗದಲ್ಲಿ ಯಂತ್ರ ಬೇಡ ಎನ್ನಲಾಗದು, ಆದರೆ ಸಾಲಿನ ಲೆಕ್ಕ ಬದಲಿಸಬಹುದು. ನಿಮ್ಮೂರಿಗೆ ಬರುವ ಯಂತ್ರದ ಬಾಯಗಲವನ್ನು ಬಿತ್ತುವ ಮುಂಚೆಯೇ ಅಳೆಯಿರಿ. ಅದು ನಾಲ್ಕು ಮೀಟರ್ ಆಗಿದ್ದರೆ ರಾಗಿ 12 ಸಾಲು, ಪಕ್ಕದಲ್ಲಿ ಎರಡು ಸಾಲು ತೊಗರಿ. ಬಳ್ಳಿ ಅವರೆ ಬೇಡ, ಅದು ಯಂತ್ರಕ್ಕೆ ಸುತ್ತಿಕೊಳ್ಳುತ್ತದೆ. ಅವರೆಯನ್ನು ಬದುವಿನ ಬದಿಗೆ ಸರಿಸಿ. ಯಂತ್ರ ತಿರುಗಲು ಎರಡೂ ತುದಿಯಲ್ಲಿ ಆರು ಮೀಟರ್ ಬರೀ ರಾಗಿ ಇರಲಿ. ದನ ಸಾಕುವ ಮನೆಯಾದರೆ ಕೈಕೊಯ್ಲೇ ಮೇಲು. ಹುಲ್ಲು ಹೋದರೆ ದನ ಹೋಗುತ್ತದೆ, ದನ ಹೋದರೆ ಮೇಲೆ ಹೇಳಿದ ಆರು ಗಾಡಿ ಗೊಬ್ಬರ ಎಲ್ಲಿಂದ ಬರಬೇಕು?

ತೆನೆ ಕಂದುಬಣ್ಣಕ್ಕೆ ತಿರುಗಿದಾಗ ಬುಡಸಮ ಕೊಯ್ದು, ಎರಡು ಮೂರು ದಿನ ಹೊಲದಲ್ಲೇ ಒಣಗಿಸಿ, ಕಂತೆ ಕಟ್ಟಿ ಮೆದೆ ಒಟ್ಟಿ. ಕೊಯ್ಯುವಾಗ ಅವರೆ ಬಳ್ಳಿಯ ಬುಡ ಕತ್ತರಿಸದಂತೆ ಕುಡುಗೋಲು ಹಿಡಿದವರಿಗೆ ಮೊದಲೇ ಹೇಳಿ. ಹಸಿ ಕಂತೆ ಒಟ್ಟಿದರೆ ಮೆದೆ ಒಳಗೇ ಕಾವು ಏರಿ ಬೂಷ್ಟು ಹಿಡಿಯುತ್ತದೆ. ಮೂರನೇ ದಿನ ಮೆದೆಯೊಳಗೆ ಕೈಯಿಟ್ಟು ನೋಡಿ, ಬಿಸಿಯಿದ್ದರೆ ಬಿಚ್ಚಿ ಆರಿಸಿ. ಒಕ್ಕಣೆ ಕಣದಲ್ಲಿ ಅಥವಾ ಟಾರ್ಪಾಲಿನ ಮೇಲೆ ಮಾಡಿ. ರಸ್ತೆಯ ಒಕ್ಕಣೆಯಲ್ಲಿ ಕಲ್ಲುಮರಳು ಸೇರುವುದಲ್ಲದೆ ಬೈಕಿನವರ ಜೀವಕ್ಕೂ ಅಪಾಯ.

ಕಾಳು ಕಾಪಾಡುವುದು

ಒಣಗಿದೆಯೋ ಇಲ್ಲವೋ ನೋಡಲು: ಒಣಗಿದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ರಾಗಿ, ಎರಡು ಚಮಚ ಚೆನ್ನಾಗಿ ಹುರಿದು ಆರಿಸಿದ ಉಪ್ಪು ಹಾಕಿ ಒಂದು ನಿಮಿಷ ಅಲುಗಿಸಿ, ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಇನ್ನೂ ಬಿಸಿಲು ಬೇಕು. ಅಂಟದಿದ್ದರೂ ಒಂದು ದಿನ ಹೆಚ್ಚಿಗೆ ಒಣಗಿಸಿಯೇ ತುಂಬಿ. ಒಣಗಿದ ರಾಗಿಗೆ ಹುಳು ಅಷ್ಟಾಗಿ ಮುಟ್ಟುವುದಿಲ್ಲ, ವರ್ಷಗಟ್ಟಲೆ ಇರುತ್ತದೆ. ಬರಗಾಲಕ್ಕೆಂದು ಹಗೇವು, ಅಂದರೆ ನೆಲದೊಳಗಿನ ಕಾಳಿನ ಗುಂಡಿ, ತುಂಬುತ್ತಿದ್ದದ್ದು ಇದೇ ಧೈರ್ಯದಿಂದ. ಹಳೆಯ ಹಗೇವು ಇನ್ನೂ ಬಳಸುವವರು ಒಂದನ್ನು ಮರೆಯಬಾರದು: ಮುಚ್ಚಳ ತೆಗೆದ ಕೂಡಲೇ ಇಳಿಯಬೇಡಿ. ಒಳಗೆ ಕಾಳು ಉಸಿರಾಡಿ ವಿಷಗಾಳಿ ತುಂಬಿರುತ್ತದೆ, ಇಳಿದವರೂ ಅವರನ್ನು ಎತ್ತಲು ಹೋದವರೂ ಸಾಯುತ್ತಾರೆ. ಒಂದು ದಿನ ಪೂರ್ತಿ ಬಾಯಿ ತೆರೆದಿಡಿ, ಉರಿಯುವ ದೀಪ ಇಳಿಬಿಟ್ಟು ನೋಡಿ. ಆರಿದರೆ ಇಳಿಯಲೇಬೇಡಿ, ಆರದಿದ್ದರೂ ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು.

ಅವರೆ, ತೊಗರಿಯ ಕಥೆ ಬೇರೆ. ಹುಳು ಹೊಲದಿಂದಲೇ ಮೊಟ್ಟೆಯಾಗಿ ಬಂದಿರುತ್ತದೆ. ತೊಗರಿಗೆ ಕೆಮ್ಮಣ್ಣು ಕಲಸಿ ಒಣಗಿಸುವುದು ಹಳೆಯ, ಕೆಲಸ ಮಾಡುವ ಉಪಾಯ. ಒಡೆಯದ ಇಡೀ ಕಾಳಿಗೆ ಕಿಲೊಗೆ 5 ಮಿಲಿ ಹರಳೆಣ್ಣೆ ಸವರಿದರೂ ಆಗುತ್ತದೆ. ಪಾತ್ರೆಯ ಬಾಯಲ್ಲಿ ಎರಡು ಅಂಗುಲ ಒಣ ಮರಳು ಹರಡಿದರೆ ಹೊರಗಿನ ಹುಳು ಒಳಗಿಳಿಯದು. ಹೆಚ್ಚು ಕಾಳಿದ್ದರೆ ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಅಲಸಂದೆ ಬೆಳೆಗಾರರಿಗಾಗಿ ರೂಪಿಸಿದ ಮೂರು ಪದರದ ಗಾಳಿಯಾಡದ ಚೀಲ ಇಲ್ಲಿಯೂ ಉಪಯುಕ್ತ: ಒಳಗಿನ ಆಮ್ಲಜನಕ ತೀರಿ ಹುಳು ತಾನೇ ಸಾಯುತ್ತದೆ. ಒಂದು ತೂತು ಬಿದ್ದರೂ ಆ ಚೀಲ ಮಾಮೂಲಿ ಚೀಲವೇ, ಆದ್ದರಿಂದ ಇಲಿಯಿಂದ ದೂರ ಇಡಿ.

ಮುಂದಿನ ವರ್ಷದ ಬೀಜ

ಬೀಜವನ್ನು ಒಕ್ಕಿದ ರಾಶಿಯಿಂದ ತೆಗೆಯಬೇಡಿ, ನಿಂತ ಪೈರಿನಿಂದ ಆರಿಸಿ. ಕೊಯ್ಲಿಗೆ ಎರಡು ದಿನ ಮುಂಚೆ ಬದುವಿನ ಬದಿ ಬಿಟ್ಟು ಹೊಲದ ನಡುವೆ ನಡೆಯುತ್ತ, ಮೂರಕ್ಕಿಂತ ಹೆಚ್ಚು ಕಡ್ಡಿಯ, ಕುತ್ತಿಗೆ ಕಪ್ಪಾಗದ, ಒಂದೇ ಸಮ ಮಾಗಿದ ಗಿಡದ ತೆನೆ ಕೊಯ್ಯಿರಿ. ಐದು ಕಿಲೊ ಬೀಜಕ್ಕೆ ಸುಮಾರು ಸಾವಿರ ತೆನೆ ಬೇಕು. ಇಬ್ಬರಿಗೆ ಅರ್ಧ ದಿನದ ಕೆಲಸ. ಬೇರೆಯಾಗಿ ಒಣಗಿಸಿ, ಕೋಲಿನಿಂದ ಬಡಿದು, ತೂರಿ, ಬೂದಿ ಬೆರೆಸಿ ಮಣ್ಣಿನ ಗುಡಾಣದಲ್ಲಿಡಿ. ನಾಟಿ ಅವರೆಯ ಬೀಜಕ್ಕೆ ಮೊದಲ ಬಿಡಿಸುವಿಕೆಯ ತುಂಬಿದ ಕಾಯಿಯನ್ನು ಬಳ್ಳಿಯಲ್ಲೇ ಒಣಗಲು ಬಿಡಿ. ಹಸಿಕಾಯಿಗೆ ಪೇಟೆಯಲ್ಲಿ ಬೆಲೆಯಿದೆಯೆಂದು ಎಲ್ಲವನ್ನೂ ಕಿತ್ತು ಮಾರಿದರೆ ಬೀಜಕ್ಕೆ ಉಳಿಯುವುದು ಕೊನೆಯ ಸೊರಗಿದ ಕಾಯಿ.

ಮೇ ತಿಂಗಳಲ್ಲಿ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ವಾರಕ್ಕೆ ಬಿಚ್ಚಿ ನೋಡಿ. ಎಂಬತ್ತು ಮೊಳೆತರೆ ನಾಲ್ಕು ಕಿಲೊ ಸಾಕು. ಅರವತ್ತಕ್ಕಿಂತ ಕಡಿಮೆಯಾದರೆ ಅದನ್ನು ಮುದ್ದೆಗೆ ಬೀಸಿ, ರೋಹಿಣಿ ಮಳೆಗೆ ಮುಂಚೆಯೇ ನೆರೆಯವರಲ್ಲೋ ರೈತ ಸಂಪರ್ಕ ಕೇಂದ್ರದಲ್ಲೋ ಹೊಸ ಬೀಜ ಹಿಡಿಯಿರಿ. ಬಿತ್ತುವ ಹದ ಬಂದ ದಿನ ಬೀಜಕ್ಕೆ ಅಲೆದರೆ ಆ ಹದ ಕಾಯುವುದಿಲ್ಲ.